ಬಾವುಟ ಬದಲಾಯಿತು, ದಫ್ತರ ಬದಲಾಗಲಿಲ್ಲ

ಸ್ವಿಟ್ಜರ್ಲೆಂಡ್ ಎಂದೊಡನೆ ಹಿಮದ ಬೆಟ್ಟ, ಕೈಗಡಿಯಾರ, ಶ್ರೀಮಂತರ ಬ್ಯಾಂಕು ಎಂದಷ್ಟೇ ನಮಗೆ ಹೇಳಿಕೊಡಲಾಗಿದೆ. ಅದೇ ನಾಡಿನಲ್ಲಿ ಐದೇ ವರ್ಷ ಬಾಳಿದ ಲೆಮಾನ್ ಪ್ರಾಂತದ ಕಥೆಯನ್ನು ಯಾರೂ ಹೇಳುವುದಿಲ್ಲ. ದುಡಿಯುವ ಜನ ತಿಳಿಯಬೇಕಾದ ಕಥೆ ಅದು.

ಜಿನೀವಾ ಸರೋವರದ ದಂಡೆಯ ವೋ ಸೀಮೆಯನ್ನು ಬರ್ನ್ ನಗರದ ಧಣಿಗಳು 1536ರಲ್ಲಿ ಗೆದ್ದು, ಇನ್ನೂರ ಅರವತ್ತು ವರ್ಷಕ್ಕೂ ಮಿಕ್ಕಿ ಆಳಿದರು. ಎದುರುನಿಂತ ಮೇಜರ್ ದಾವೆಲನ ತಲೆಯನ್ನು 1723ರಲ್ಲಿ ಕಡಿಸಿದರು. 1798ರ ಜನವರಿಯಲ್ಲಿ ಆ ಆಳ್ವಿಕೆ ಉರುಳಿತು. ಹಸಿರು ಬಾವುಟ ಹಾರಿತು. ಬೆನ್ನಿಗೇ ಫ್ರೆಂಚ್ ಸೈನ್ಯ ಬಂತು. ಹೆಲ್ವೆಟಿಕ್ ಗಣರಾಜ್ಯ ಹುಟ್ಟಿತು. ಲೋಸಾನ್ ರಾಜಧಾನಿಯಾಗಿ ಲೆಮಾನ್ ಅದರ ಒಂದು ಪ್ರಾಂತವಾಯಿತು. ಬಿಡುಗಡೆ ಮಾಡಲು ಬಂದವರು ಬರಿಗೈಯಲ್ಲಿ ಹಿಂದಿರುಗಲಿಲ್ಲ. ಬರ್ನಿನ ಬೊಕ್ಕಸವನ್ನೇ ಹೊತ್ತೊಯ್ದರು!

ರೈತನಿಗೆ ದಕ್ಕಿದ್ದೇನು? ಧಣಿಗೆ ಸಲ್ಲುವ ಕಾಣಿಕೆ, ದಶಮಾಂಶಗಳೆಲ್ಲ ಹೋಗುವುವೆಂದು 1798ರಲ್ಲೇ ಶಾಸನವಾಯಿತು. ಸರ್ಕಾರದ ಬೊಕ್ಕಸ ಬರಿದಾದೊಡನೆ, 1800ರಲ್ಲಿ, ಅದೇ ಗಣರಾಜ್ಯ ಆ ಶಾಸನವನ್ನು ತಡೆಹಿಡಿಯಿತು. ಹಳೆಯ ಧಣಿಯ ಹಳೆಯ ಲೆಕ್ಕ ಹೊಸ ಸರ್ಕಾರದ ಮೊಹರು ಹೊತ್ತು ಮತ್ತೆ ಬಾಗಿಲು ತಟ್ಟಿತು.

ಆಗ ರೈತ ಕಂಡುಕೊಂಡ ಸತ್ಯವೊಂದೇ: ತನ್ನ ಕೊರಳ ಹಗ್ಗ ಧಣಿಯ ಕೋಟೆಯ ಕಪಾಟಿನಲ್ಲಿದೆ. 1802ರ ಫೆಬ್ರವರಿಯಲ್ಲಿ ಲಾ ಸಾರಾ ಕೋಟೆಗೆ ನುಗ್ಗಿ ದಫ್ತರಗಳನ್ನು ಸುಟ್ಟರು. ವಸಂತದಲ್ಲಿ ಕೋಟೆಯಿಂದ ಕೋಟೆಗೆ ಬೆಂಕಿ ಹಬ್ಬಿತು. ಕಾಗದದ ಮೇಲೆ ಯುದ್ಧ, ಮನುಷ್ಯರಿಗೆ ಶಾಂತಿ ಎಂಬುದೇ ಅವರ ಘೋಷಣೆ. ಮೇ ತಿಂಗಳಲ್ಲಿ ಲೂಯಿ ರೇಮೋನನ ಮುಂದಾಳುತನದಲ್ಲಿ ಲೋಸಾನಿನತ್ತ ನಡೆದರು.

ಕಾಗದ ಸುಡುವುದು ಅಪರಾಧವಲ್ಲವೇ ಎಂದು ಸಭ್ಯರು ಕೇಳುತ್ತಾರೆ. ನಾವು ಕೇಳುತ್ತೇವೆ: ಕೊಟ್ಟ ಮಾತನ್ನು ಸುಟ್ಟವರು ಯಾರು? ಮೊದಲ ಬೆಂಕಿ ಇಟ್ಟದ್ದು ಶಾಸನಸಭೆಯೋ, ರೈತನೋ? ಸರ್ಕಾರ ವಿಶೇಷ ನ್ಯಾಯಾಲಯ ಕೂಡಿಸಿ, ತಪ್ಪಿಸಿಕೊಂಡಿದ್ದ ಮುಂದಾಳುಗಳಿಗೆ ಮರಣದಂಡನೆ ವಿಧಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಷಮಾದಾನವನ್ನೂ ಘೋಷಿಸಬೇಕಾಯಿತು!

1803ರಲ್ಲಿ ಬೋನಪಾರ್ಟನ ಏರ್ಪಾಡಿನಂತೆ ಲೆಮಾನ್ ಹೆಸರಳಿದು ವೋ ಪ್ರಾಂತ ಬಂತು. 1804ರಲ್ಲಿ ಕಾಣಿಕೆಗಳನ್ನು ಕೊನೆಗಾಣಿಸುವ ಕಾನೂನೂ ಬಂತು. ಅದೂ ತೀರುವಳಿ ಹಣ ಕಟ್ಟಿಸಿಕೊಂಡು. ಜನ ಎದ್ದಿರದಿದ್ದರೆ ಅಷ್ಟಾದರೂ ಬರುತ್ತಿತ್ತೇ?

ಗಿರಣಿಯ ಗೆಳೆಯರೇ, ಅಂಗಡಿಯ ಬಂಧುಗಳೇ, ಬಾವುಟ ಬದಲಾದ ದಿನ ಚಪ್ಪಾಳೆ ತಟ್ಟುವುದು ಸುಲಭ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂದು ಮರುದಿನ ಕೇಳದವನು ಹಳೆಯ ಬಾಕಿಯನ್ನು ಹೊಸ ಧಣಿಗೆ ತೆರುತ್ತಾನೆ.