ಪಳಗಿದ ಭತ್ತ, ಪಳಗದ ಮೀನು

ಕಾಡುಗಿಡವೊಂದು ಬೆಳೆಯಾಯಿತು ಎಂದರೆ ಮನುಷ್ಯ ಅದನ್ನು ಗೆದ್ದ ಎಂದೇ ತಿಳಿಯುತ್ತೇವೆ. ಗೋವಾದ ಖಾಜನ್ ಗದ್ದೆಗಳ ಮುಂದೆ ಈ ಅರ್ಥ ಸಾಲದು. ಅದು ಏಕೆ ಸಾಲದು ಎಂಬುದನ್ನು ಲೈಸಿನ್ ಎಂಬ ಅಮೈನೋ ಆಮ್ಲ ತೋರಿಸಿಕೊಡುತ್ತದೆ.

ಕಾಡುಭತ್ತದ ಕಾಳು ಮಾಗಿದೊಡನೆ ಉದುರುತ್ತದೆ. ಅದರ ಸಂತಾನ ಉಳಿಯುವುದೇ ಹಾಗೆ. ಉದುರದೆ ತೆನೆಯಲ್ಲೇ ನಿಂತದ್ದನ್ನು ಕೊಯ್ದು, ಅದನ್ನೇ ಮತ್ತೆ ಬಿತ್ತುತ್ತ ಬಂದ ರೈತರ ಕೈಯಲ್ಲಿ ಇಂದಿನ ಭತ್ತ ರೂಪುಗೊಂಡಿತು. ಈಗ ಬಿತ್ತುವವರಿಲ್ಲದೆ ಅದಕ್ಕೆ ಬಾಳಿಲ್ಲ. ಆದರೆ ಆ ರೈತರು ಆರಿಸಿದ್ದು ಉದುರದ ಕಾಳನ್ನು. ಅದರೊಳಗಿನ ಲೈಸಿನ್ ಕಣ್ಣಿಗೆ ಕಾಣುವಂಥದ್ದಲ್ಲ.

ಲೈಸಿನ್ ಅನ್ನು ನಮ್ಮ ದೇಹ ತಾನೇ ತಯಾರಿಸಲಾರದು. ಚರ್ಮ, ಎಲುಬುಗಳಿಗೆ ಗಟ್ಟಿತನ ಕೊಡುವ ಕೊಲಾಜೆನ್ ಎಳೆಗಳು ಒಂದಕ್ಕೊಂದು ಬಿಗಿದುಕೊಳ್ಳಲು ಅದು ಬೇಕು. ಕೊಬ್ಬನ್ನು ಶಕ್ತಿಯಾಗಿಸಲು ನೆರವಾಗುವ ಕಾರ್ನಿಟೈನ್‌ಗೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 60 ಕಿಲೋ ತೂಕದ ವಯಸ್ಕರಿಗೆ ದಿನಕ್ಕೆ 1,800 ಮಿಲಿಗ್ರಾಂ ಅಗತ್ಯ. 400 ಗ್ರಾಂ ಅಕ್ಕಿಯ ಅನ್ನ ಉಂಡರೂ ಸಿಗುವುದು ಸುಮಾರು 1,000. ಹೊಟ್ಟೆ ತುಂಬಿದರೂ ಕೊರತೆ ಉಳಿಯುತ್ತದೆ.

ಈ ಕೊರತೆಯನ್ನು ಖಾಜನ್ ತನ್ನಲ್ಲೇ ತುಂಬಿಕೊಂಡಿದೆ. ಮಾಂಡೋವಿ, ಜುವಾರಿ ನದಿಗಳ ಅಳಿವೆಗಳಲ್ಲಿ ಒಡ್ಡು ಕಟ್ಟಿ ಪಡೆದ ನೆಲವಿದು. ಒಡ್ಡಿನ ತೂಬಿಗೆ ‘ಮಾನಸ್’ ಎನ್ನುತ್ತಾರೆ. ಭರತದಲ್ಲಿ ನೀರಿನ ಒತ್ತಡಕ್ಕೆ ಅದರ ಮರದ ಬಾಗಿಲು ಮುಚ್ಚುತ್ತದೆ. ಇಳಿತದಲ್ಲಿ ತಾನೇ ತೆರೆದು ಒಳನೀರನ್ನು ಹೊರಬಿಡುತ್ತದೆ. ಮಳೆ ಉಪ್ಪನ್ನು ತೊಳೆದ ಮೇಲೆ ಉಪ್ಪು ತಡೆಯುವ ಕೊರ್ಗುಟ್ ಭತ್ತ ಬೆಳೆಯುತ್ತದೆ. ಕೊಯ್ಲಾದ ನಂತರ ಒಳಬಿಟ್ಟ ಉಪ್ಪುನೀರಿನೊಡನೆ ಮೀನು, ಸಿಗಡಿ ಬರುತ್ತವೆ. ಅವುಗಳಲ್ಲಿ ಲೈಸಿನ್ ಯಥೇಚ್ಛ. ನಮ್ಮ ಕುಮಟಾದ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತಕ್ಕೂ ಸಿಗಡಿಗೂ ಇದೇ ನಂಟು. ಮೀನು ತಿನ್ನದವರಿಗೆ ಅಲಸಂದೆ ಇದೆ: ಗೋವಾದ ಹಲವೆಡೆ ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲೇ ಅದು ಬೆಳೆಯುತ್ತದೆ. 50 ಗ್ರಾಂ ಒಣಕಾಳು ಸುಮಾರು 800 ಮಿಲಿಗ್ರಾಂ ಕೊಟ್ಟು ಅನ್ನದ ಲೆಕ್ಕವನ್ನು ಸರಿದೂಗಿಸುತ್ತದೆ.

ಬೀಜವನ್ನೇ ತಿದ್ದಬಾರದೇ ಎಂದು ಕೇಳಬಹುದು. ತಿದ್ದಬಹುದು. 1960ರ ದಶಕದಲ್ಲಿ ಲೈಸಿನ್ ಹೆಚ್ಚಿರುವ ಮುಸುಕಿನ ಜೋಳ ಬೆಳಕಿಗೆ ಬಂತು. ಆದರೆ ಅದರ ಕಾಳು ಮೆತ್ತಗಾಗಿ ಇಳುವರಿ ತಗ್ಗಿತು, ಹುಳ ಹಿಡಿಯಿತು. ವಿಜ್ಞಾನಿಗಳಾದ ಸುರಿಂದರ್ ವಾಸಲ್ ಮತ್ತು ಇವಾಂಜೆಲಿನಾ ವಿಯೆಗಾಸ್ ದಶಕಗಳ ಕಾಲ ದುಡಿದು ಆ ದೋಷ ನೀಗಿಸಿದರು. 2000ದ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಸಂದಿತು. ಒಂದೇ ಧಾನ್ಯ ನಂಬಿದ ಬಡವರಿಗೆ ಅದು ದೊಡ್ಡ ಉಪಕಾರ. ಆದರೆ ಜೊತೆಬೆಳೆಯೂ ಮೀನೂ ಇರುವ ಕಡೆ ಅವನ್ನು ಕಳೆದುಕೊಂಡು, ಬೀಜದೊಳಗೆ ಅವುಗಳ ಬದಲಿ ಹುಡುಕುವುದು ವಿವೇಕವಲ್ಲ.

ಪಳಗಿಸುವುದೆಂದರೆ ಒಂದು ಗಿಡದ ಹೊಣೆ ಹೊರುವುದು. ಅದು ಕೊಡಲಾಗದ್ದನ್ನು ಕೊಡುವ ನೀರು, ನೆಲ, ಜೀವಗಳ ಹೊಣೆಯೂ ಅದರೊಂದಿಗೇ ಬರುತ್ತದೆ. ಒಡ್ಡು ಒಡೆದು ಗದ್ದೆ ಪಾಳು ಬಿದ್ದರೆ ಅನ್ನವನ್ನು ಪಡಿತರ ಅಂಗಡಿ ಕೊಟ್ಟೀತು. ಅನ್ನದ ಜೊತೆಗಿದ್ದದ್ದನ್ನು ದುಡ್ಡು ಕೊಟ್ಟು ತರಬೇಕು, ದುಡ್ಡಿಲ್ಲದ ಮನೆ ಅದನ್ನು ಬಿಡಬೇಕು. ಹಾಗಾಗಿ ಒಡ್ಡಿನ ದುರಸ್ತಿಯ ಖರ್ಚು ಆರೋಗ್ಯಕ್ಕೆ ಮಾಡುವ ಖರ್ಚೂ ಹೌದು. ಸರ್ಕಾರವೂ ಊರೂ ಅದನ್ನು ಹಾಗೆಯೇ ಕಾಣಬೇಕು.