ಬಡ್ಡಿ ಬೇಡ ಅನ್ನೋರ ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟಾ – ನಮ್ಮ ಬಳಗದಲ್ಲಿ ಮೂರೂ ಊರಿನವರಿದ್ದೇವೆ. ಹೆಚ್ಚಿನವರ ಮನೆಗೆ ಒಂದೊಂದು ಸಣ್ಣ ಅಂಗಡಿಯೇ ಆಧಾರ. ಹಾಗಾಗಿ ರಜೆ ಮುಗಿಸಿ ಬಂದಾಗ ಹಾಸ್ಟೆಲ್‌ನಲ್ಲಿ ಸಾಲದ ಮಾತು ಬಂದೇ ಬರುತ್ತದೆ. ಈ ಸಲ ಒಬ್ಬ ಕೇಳಿದ: "ಇಷ್ಟೊಂದು ಬ್ಯಾಂಕ್ ಇರುವಾಗ ಬಡ್ಡಿರಹಿತ ಸೊಸೈಟಿಗೆ ಯಾಕೆ ಹೋಗ್ತಾರೆ ಮಾರಾಯಾ?"

ಧರ್ಮಕ್ಕಾಗಿ ಅನ್ನೋದು ಸುಲಭದ ಉತ್ತರ. ಸುಳ್ಳೇನಲ್ಲ. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ; ನಂಬಿದವರಿಗೆ ಅದು ಸಣ್ಣ ಮಾತಲ್ಲ. ಆದರೆ ಕಾರಣ ಅಷ್ಟೇ ಅಲ್ಲ ಅಂತ ನಮಗನಿಸುತ್ತದೆ. ಮೀನು, ತರಕಾರಿ ಮಾರುವವರ ವ್ಯವಹಾರವೆಲ್ಲ ಕೈಯಲ್ಲೇ ನಡೆಯುತ್ತದೆ. ಬ್ಯಾಂಕಿನವರು ರಿಟರ್ನ್ಸ್, ಜಾಮೀನು ಕೇಳಿದರೆ ಎಲ್ಲಿಂದ ತರೋದು? ಮಳೆಗಾಲದಲ್ಲಿ ವ್ಯಾಪಾರ ಬಿದ್ದರೂ ಕಂತಿನ ತಾರೀಖು ನಿಲ್ಲೋದಿಲ್ಲ. ಮುಖ ಪರಿಚಯ ಇರುವವರ ಹತ್ತಿರ ಸಾಲ ಮಾಡಿ, ದಿನಾ ಇಷ್ಟಿಷ್ಟು ಕಟ್ಟುವುದು ಅವರಿಗೆ ಹಗುರ. ಕರಾವಳಿಗೆ ಇದು ಹೊಸತೂ ಅಲ್ಲ. ಅಂಗಡಿ ಬಾಗಿಲಿಗೇ ಬಂದು ಚಿಲ್ಲರೆ ಸಂಗ್ರಹಿಸುವ ಪಿಗ್ಮಿಯನ್ನು ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಶುರುಮಾಡಿತ್ತು.

ಇನ್ನು ಲೆಕ್ಕಕ್ಕೆ ಬರೋಣ, ನಾವು ಇಂಜಿನಿಯರಿಂಗ್‌ನವರಲ್ವಾ! 'ಕರ್ಜೆ ಹಸನ'ದಲ್ಲಿ ಕೊಟ್ಟಷ್ಟೇ ವಾಪಸ್, ಹೆಚ್ಚೆಂದರೆ ಸೇವಾಶುಲ್ಕ. 'ಮುರಾಬಹ' ಬೇರೆ. ಅಂಗಡಿಯವರಿಗೆ 1,00,000 ರೂಪಾಯಿಯ ಫ್ರೀಜರ್ ಬೇಕು ಅನ್ನಿ. ಸಂಸ್ಥೆಯೇ ಅದನ್ನು ಕೊಂಡು, ತನ್ನ ಲಾಭ ಇಷ್ಟು ಅಂತ ಹೇಳಿ, 1,10,000ಕ್ಕೆ 12 ಕಂತಿನಲ್ಲಿ ಮಾರುತ್ತದೆ. ನೋಡಲಿಕ್ಕೆ ಬರೇ 10%. ಆದರೆ ತಿಂಗಳು ತಿಂಗಳು ಅಸಲು ಕರಗುವುದರಿಂದ ಇದು ವರ್ಷಕ್ಕೆ ಸುಮಾರು 18% ಬಡ್ಡಿಗೆ ಸಮ! ಬಡ್ಡಿ ಇಲ್ಲ ಅಂದರೆ ಖರ್ಚಿಲ್ಲ ಅಂತಲ್ಲ. ಹಾಗಾದರೆ ಲಾಭವೇನು? ಒಪ್ಪಿದ ಬೆಲೆ ಒಪ್ಪಿದ್ದೇ; ಕಂತು ತಡವಾಯಿತೆಂದು ಅದನ್ನು ಏರಿಸುವಂತಿಲ್ಲ. ಬಡ್ಡಿಗೆ ಬಡ್ಡಿ ಬೆಳೆದದ್ದನ್ನು ಕಂಡವರಿಗೆ ಈ ನೆಮ್ಮದಿಯ ಬೆಲೆ ಗೊತ್ತು.

ಆದರೆ ನಂಬಿಕೆಯೇ ಬಂಡವಾಳವಾದಲ್ಲಿ ಮೋಸವೂ ಅದೇ ಬಾಗಿಲಿನಿಂದ ಬರುತ್ತದೆ. ಬೆಂಗಳೂರಿನ ಐಎಂಎ 'ಹಲಾಲ್ ಲಾಭ'ದ ಹೆಸರಿನಲ್ಲಿ ಹಣ ಸೇರಿಸಿತು. 2019ರ ಜೂನ್‌ನಲ್ಲಿ ಅದರ ಮಾಲೀಕ ದೇಶ ಬಿಟ್ಟಾಗ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಅವರನ್ನು 'ದುರಾಸೆಯವರು' ಅಂತ ಬೈಯುವುದು ಸುಲಭ. ಬಡ್ಡಿ ಬೇಡವೆನ್ನುವವರಿಗೆ ಕಾನೂನಿನ ನೆರಳಿನ ದಾರಿ ಎಲ್ಲಿತ್ತು? ಬಡ್ಡಿರಹಿತ ಬ್ಯಾಂಕಿಂಗ್ ಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲೇ ಹೇಳಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವವನ್ನು ಕೈಬಿಟ್ಟಿತು. ಉಳಿದದ್ದು ಸೊಸೈಟಿ, ಟ್ರಸ್ಟ್‌ಗಳು. ಬ್ಯಾಂಕ್ ಠೇವಣಿಗಿರುವ 5 ಲಕ್ಷದ ವಿಮೆ ಇವುಗಳಿಗಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಬಡ್ಡಿ ಬೇಡ ಅನ್ನುವವರನ್ನು ಅನುಮಾನದಿಂದ ನೋಡುವುದು ಬೇಡ, ಹೆಸರು ಕೇಳಿದೊಡನೆ ನಂಬುವುದೂ ಬೇಡ. ನೋಂದಣಿ ಇದೆಯಾ? ಆಡಿಟ್ ವರದಿ ತೋರಿಸ್ತಾರಾ? ಒಟ್ಟು ಎಷ್ಟು ಕಟ್ಟಬೇಕು, ತಡವಾದರೆ ಏನು – ಇದೆಲ್ಲ ಬರಹದಲ್ಲಿದೆಯಾ? ಮುಂದಿನ ರಜೆಗೆ ಊರಿಗೆ ಹೋದಾಗ ಅಪ್ಪನ ಅಂಗಡಿಯ ಗಲ್ಲಾ ಹತ್ತಿರ ಕೂತು ಈ ಮೂರು ಪ್ರಶ್ನೆ ಕೇಳೋಣ. ಬ್ಯಾಂಕಿನ ಸಾಲವಾದರೂ ಸರಿ, ಸೊಸೈಟಿಯದ್ದಾದರೂ ಸರಿ. ನಮ್ಮ ಓದಿಗೆ ಅಷ್ಟಾದರೂ ಉಪಯೋಗ ಬೇಡವೇ?