ಕಾರಕೂನನ ಟಿಪ್ಪಣಿ: ಮೂರು ಮಿನಿಟಿನ ವ್ಯಾಜ್ಯ

ನಮ್ಮ ಮನೆಯಲ್ಲಿ ಬಹುದಿನಗಳಿಂದ ಒಂದು ವ್ಯಾಜ್ಯ ನಡೆದಿತ್ತು. ಡೊಂಬಿವಲಿಯಿಂದ ಠಾಣೆಯ ಕಚೇರಿಗೆ ನಾನು ಫಾಸ್ಟ್ ಗಾಡಿಯಲ್ಲಿ ಹೋಗುವವನು. ಹಿಂದಿನ ಸ್ಟೇಶನ್ನುಗಳಿಂದಲೇ ತುಂಬಿ ಬರುವ ಗಾಡಿ ಅದು. ಒಳಗೆ ಜಾಗ ಸಿಗದ ದಿನ ಬಾಗಿಲೇ ಗತಿ. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಲ್ಲಿ ನಿಂತಿದ್ದವರು ಹಳಿಗೆ ಬಿದ್ದು ಕೆಲವರು ಸತ್ತರಷ್ಟೆ. ಅಂದಿನಿಂದ ಮನೆಯಾಕೆಯ ಹಠ ಬಲವಾಯಿತು.

“ಇಲ್ಲಿಂದಲೇ ಹೊರಡುವ ಸ್ಲೋ ಇದೆಯಲ್ಲ, ಅದಕ್ಕೇ ಹೋಗಿರಿ.”

“ಮೂರು ಲೇಟ್ ಮಾರ್ಕಿಗೆ ಒಂದು ರಜೆ ಹೋಗುತ್ತದೆ. ಫಾಸ್ಟು ಬೇಗ ಮುಟ್ಟಿಸುತ್ತದೆ.”

“ಎಷ್ಟು ಬೇಗ?”

ಬಿ.ಎ.ಯಲ್ಲಿ ಸಂಖ್ಯಾಶಾಸ್ತ್ರ ಓದಿದ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ!

ಪ್ರಯೋಗ ಮಾಡೋಣವೆಂದೆ. ಇಪ್ಪತ್ತು ಚೀಟಿ ಬರೆದೆವು: ಹತ್ತು ಫಾಸ್ಟು, ಹತ್ತು ಸ್ಲೋ. ದಿನವೂ ಬೆಳಿಗ್ಗೆ ಮಗಳು ಒಂದು ಚೀಟಿ ಎತ್ತುವಳು. ನಾನೇ ಆರಿಸಿದರೆ ಸೋಮವಾರದ ನೂಕುನುಗ್ಗಲನ್ನೆಲ್ಲ ಸ್ಲೋ ಗಾಡಿಯ ಪಾಲಿಗೆ ಹಾಕಿಬಿಡುವೆನೆಂಬ ಸಂಶಯ ಮನೆಯಾಕೆಗೆ. ಸಂಶಯ ನ್ಯಾಯವಾದದ್ದೇ. ಪ್ಲಾಟ್‌ಫಾರಂ ಮುಟ್ಟಿದ ಕ್ಷಣದಿಂದ ಕುರ್ಚಿಯಲ್ಲಿ ಕೂರುವವರೆಗಿನ ಹೊತ್ತನ್ನು ಬರೆದಿಟ್ಟೆ. ಹತ್ತಲಾಗದೆ ಬಿಟ್ಟ ಗಾಡಿಗೆ ಕಾದದ್ದೂ ಅದರಲ್ಲೇ ಸೇರಿತು.

ಸರಾಸರಿ: ಫಾಸ್ಟು 41 ಮಿನಿಟು, ಸ್ಲೋ 44. ನಾನು ಗೆದ್ದೆನೆಂದು ಮೀಸೆ ತಿರುವಿದೆ.

ಆದರೆ ನಮ್ಮ ಕಚೇರಿಯ ನಮೂನೆಗಳಲ್ಲಿ ಸರಾಸರಿಗೆ ಒಂದು ಅಂಕಣವಿದ್ದು ಏರಿಳಿತಕ್ಕೆ ಇಲ್ಲದಿರುವುದೇ ಎಲ್ಲ ತಂಟೆಗೆ ಮೂಲ. ಸ್ಲೋ ಗಾಡಿ ಕೋಪರ್, ದಿವಾ, ಮುಂಬ್ರಾ, ಕಳವಾ ಎಂದು ನಿಂತು ನಿಂತು ಹೋದರೂ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಟ್ಟಿಸುತ್ತಿತ್ತು. ಫಾಸ್ಟು ಒಂದು ದಿನ ಹಾರಿ ಹೋದರೆ ಇನ್ನೊಂದು ದಿನ ಹತ್ತಲೇ ಬಿಡದು. ಪ್ರತಿದಿನದ ಹೊತ್ತು ತನ್ನ ಸರಾಸರಿಯಿಂದ ಎಷ್ಟು ದೂರವೆಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿಸಿ 9ರಿಂದ ಭಾಗಿಸಿದೆ. ಫಾಸ್ಟಿಗೆ 81 ಬಂತು, ಸ್ಲೋಗೆ 16. ಒಂದೊಂದನ್ನೂ ದಿನಗಳ ಸಂಖ್ಯೆ 10ರಿಂದ ಭಾಗಿಸಿ ಕೂಡಿಸಿದರೆ 9.7; ಅದರ ವರ್ಗಮೂಲ ಸುಮಾರು 3.1. ಅಂದರೆ ಗಾಡಿಗಳೆರಡೂ ನಿಜಕ್ಕೂ ಸಮವಾಗಿದ್ದರೂ, ಬರಿಯ ಅದೃಷ್ಟದಿಂದಲೇ ಮೂರು ಮಿನಿಟಿನ ಅಂತರ ಕಾಣಿಸಿಕೊಳ್ಳುವುದು ದೊಡ್ಡ ಮಾತಲ್ಲ. ಅಂತರವು ಈ 3.1ರ ಎರಡು ಪಟ್ಟಿಗಿಂತ ತುಸು ಹೆಚ್ಚಿದ್ದರೆ ಮಾತ್ರ ನಂಬುವುದು ವಾಡಿಕೆ. ನನ್ನದು ಒಂದು ಪಟ್ಟೂ ಇಲ್ಲ.

ಇಂಥ ಚಿಕ್ಕ ಲೆಕ್ಕಕ್ಕೆ ದಾರಿ ತೋರಿಸಿದವನು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರಖಾನೆಯ ನೌಕರ ಗಾಸೆಟ್. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ. ನಾನು ಅಳೆದದ್ದು ಮಿನಿಟು ಒಂದನ್ನೇ. ಹಲವು ಅಳತೆಗಳ ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ವಿದ್ಯೆಯಲ್ಲಿ ಮಹಾಲನೋಬಿಸರ ಜತೆಗೆ ಹೆಸರಾದವರು ಸಿ. ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ! 1946ರಲ್ಲಿ ಕೇಂಬ್ರಿಜ್ಜಿಗೆ ಹೋಗಿ, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನರ ಎಲುಬುಗಳ ಅಳತೆಗಳಿಂದ, ಆ ಜನ ಬೇರೆ ಜನಗಳಿಗೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ಲೆಕ್ಕ ಹಾಕಿದರು. 2023ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.

ಮನೆಯಾಕೆ ಕಾಗದ ನೋಡಿ ಕೇಳಿದಳು: “ಹಾಗಾದರೆ ಎರಡೂ ಒಂದೇ ಅಂತ ಆಯಿತೋ?”

ಅದೂ ಆಗಲಿಲ್ಲ. ಹತ್ತು ಹತ್ತು ದಿನಗಳ ಸಾಕ್ಷಿ ಬಡ ಸಾಕ್ಷಿ. ಫಾಸ್ಟು ಸುಮಾರು ಹತ್ತು ಮಿನಿಟು ಬೇಗ ಇರಬಹುದು, ನಾಲ್ಕು ಮಿನಿಟು ತಡವೂ ಇರಬಹುದು. ನನ್ನ ಲೆಕ್ಕ ಎರಡಕ್ಕೂ ಎಡೆ ಕೊಡುತ್ತದೆ. ಖಚಿತವಾಗಬೇಕಾದರೆ ಇನ್ನೂ ಬಹಳ ದಿನ ಫಾಸ್ಟು ಹತ್ತಬೇಕು ಎಂದೆ.

“ಬಾಗಿಲಲ್ಲಿ ನೇತಾಡಿ ಖಚಿತ ಮಾಡಿಕೊಳ್ಳುವುದು ಬೇಡ,” ಎಂದು ಚೀಟಿಯ ಡಬ್ಬಿಯನ್ನು ಕಪಾಟಿನ ಮೇಲೆ ಇಟ್ಟಳು. ಈಗ ಹತ್ತು ಮಿನಿಟು ಮೊದಲೇ ಮನೆ ಬಿಟ್ಟು ಸ್ಲೋ ಗಾಡಿಗೆ ಹೋಗುತ್ತೇನೆ. ದಿವಾದವರೆಗೆ ಒಮ್ಮೊಮ್ಮೆ ಕೂರಲು ಜಾಗವೂ ಸಿಗುತ್ತದೆ.